ಮೂರು ನಾಕೌಟ್, ಮೂರೇ ಅಂಕ: ಬಾಕ್ಸ್ ಕಪ್ ಗೆದ್ದಿದ್ದು ಹೇಗೆ?

ಅಂಕಪಟ್ಟಿ (29 ಅಕ್ಟೋಬರ್ 2023)

ದಕ್ಷಿಣ ಆಫ್ರಿಕಾಗೆ (ಅದೇ ನಮ್ಮ ಸ್ಪ್ರಿಂಗ್‌ಬಾಕ್ಸ್, ಚಿಕ್ಕದಾಗಿ ಬಾಕ್ಸ್) ನಾಲ್ಕನೇ ರಗ್ಬಿ ವಿಶ್ವಕಪ್ ಬಂತು. ಕುಣಿಯೋದು ಆಮೇಲೆ, ಮೊದಲು ಲೆಕ್ಕ ನೋಡೋಣ.

ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ ಮೇಲೆ 29-28. ಸೆಮಿಯಲ್ಲಿ ಇಂಗ್ಲೆಂಡ್ ಮೇಲೆ 16-15. ನಿನ್ನೆ ಫೈನಲ್‌ನಲ್ಲಿ ನ್ಯೂಜಿಲೆಂಡ್ ಮೇಲೆ 12-11. ಮೂರೂ ಸೇರಿ ನಮ್ಮವರು ಹೊಡೆದಿದ್ದು 57, ಬಿಟ್ಟುಕೊಟ್ಟಿದ್ದು 54. ನಮ್ಮ 57ರಲ್ಲಿ ಟ್ರೈನಿಂದ (ಚೆಂಡನ್ನು ಎದುರಾಳಿ ಗೆರೆಯಾಚೆ ನೆಲಕ್ಕೆ ಮುಟ್ಟಿಸೋದು, 5 ಅಂಕ) ಬಂದಿದ್ದು ಬರೀ 25 (ಫ್ರಾನ್ಸ್ ಮೇಲೆ 4, ಇಂಗ್ಲೆಂಡ್ ಮೇಲೆ 1, ಫೈನಲ್‌ನಲ್ಲಿ ಸೊನ್ನೆ). ಉಳಿದ 32 ಕಿಕ್ಕಿಂದ. ಅದರಲ್ಲಿ ಲಿಬ್ಬೊಕ್ 7, ಪೊಲಾರ್ಡ್ 25.

ಟೂರ್ನಿ ಶುರುವಾದಾಗ ಆ ಪೊಲಾರ್ಡ್ ತಂಡದಲ್ಲೇ ಇರಲಿಲ್ಲ. ಹುಕರ್ (ಮುಂದಿನ ಸಾಲಿನ ನಡುವೆ ನಿಲ್ಲೋವನು) ಮಾಲ್ಕಮ್ ಮಾರ್ಕ್ಸ್ ಮಂಡಿಗೆ ಪೆಟ್ಟು ಮಾಡಿಕೊಂಡು ಮನೆಗೆ ಹೋದ, ಅವನ ಜಾಗಕ್ಕೆ ಇನ್ನೊಬ್ಬ ಹುಕರ್ ಬದಲು ಫ್ಲೈಹಾಫ್ (ಆಟ ನಡೆಸೋ, ಹೆಚ್ಚಾಗಿ ಕಂಬಕ್ಕೆ ಒದೆಯೋವನು) ಪೊಲಾರ್ಡ್‌ನ ಕರೆಸಿದರು. ಆ ಒಂದು ತೀರ್ಮಾನ ಇಲ್ಲದಿದ್ದರೆ ಕಪ್ ಇಲ್ಲ ಅನ್ನೋದು ನನ್ನ ವಾದ. ಒಪ್ಪದೋರು ಬನ್ನಿ.

ಕಪ್ಪು_ಜೆರ್ಸಿ

ಮೊದಲಿಗೆ ಅಭಿನಂದನೆ. ಆದರೆ ಫೈನಲ್ ನೋಡಿ "ನಾವು ಚೆನ್ನಾಗಿ ಆಡಿದೆವು" ಅಂತ ಮಾತ್ರ ಹೇಳಬೇಡಿ. ಪೊಲಾರ್ಡ್‌ನ ನಾಲ್ಕನೇ ಪೆನಾಲ್ಟಿ (ಎದುರಾಳಿಯ ತಪ್ಪಿಗೆ ಸಿಗುವ ಕಿಕ್, 3 ಅಂಕ) 34ನೇ ನಿಮಿಷದ್ದು. ಅಲ್ಲಿಂದ 80ರವರೆಗೆ 46 ನಿಮಿಷ ಒಂದೇ ಒಂದು ಅಂಕ ಇಲ್ಲ. ಅದೂ ಎದುರಿಗೆ 14 ಜನ ಇದ್ದಾಗ! ನ್ಯೂಜಿಲೆಂಡ್‌ನ ಸ್ಯಾಮ್ ಕೇನ್‌ನ ಹಳದಿ ಕಾರ್ಡ್ ಬಂಕರ್‌ನಲ್ಲಿ (ವಿಡಿಯೊ ನೋಡಿ ಕಾರ್ಡ್ ಪರಿಶೀಲಿಸುವ ರೆಫರಿಗಳ ಕೋಣೆ) ಕೆಂಪಾಯಿತು. ಗಂಡಸರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಕಂಡ ಮೊದಲಿಗ ಅವನೇ. ಮೊಉಂಗಾನ ಕನ್ವರ್ಷನ್ (ಟ್ರೈ ನಂತರದ 2 ಅಂಕದ ಕಿಕ್) ಒಳಗೆ ಬಿದ್ದಿದ್ದರೆ, ಇಲ್ಲವೇ 73ನೇ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್‌ನ ದೂರದ ಪೆನಾಲ್ಟಿ ಹೋಗಿದ್ದರೆ, ಈಗ ನೀವೆಲ್ಲ ಕೋಚ್‌ಗೆ ಬೈಯುತ್ತಾ ಕೂತಿರುತ್ತಿದ್ದಿರಿ.

ಬಯಲುಹುಲಿ

ಏನ್ ಲೆಕ್ಕಾರೀ ಇದು! 46 ನಿಮಿಷ 15 ಮಂದಿ ಆಡಿದ್ರು ಅಂತ ಯಾರ್ ಹೇಳಿದ್ರು ನಿಮಗ? ಕೇನ್ ಹೊರಗ ಹೋದದ್ದು 27ರ ಆಸುಪಾಸು, ಅಲ್ಲಿಂದ 53 ನಿಮಿಷ. ಅದರಾಗ ನಮ್ಮ ಕ್ಯಾಪ್ಟನ್ ಕೊಲಿಸಿ ಹಳದಿ ಕಾರ್ಡ್ ತಗೊಂಡು 10 ನಿಮಿಷ ಹೊರಗ, 73ಕ್ಕ ಕೋಲ್ಬೆ ಕೈಲೆ ಚೆಂಡು ಬಡದು ಉಳಿದ 7 ನಿಮಿಷ ಹೊರಗ. 17 ಕಳೀರಿ, ಖರೇನ ಒಬ್ಬ ಹೆಚ್ಚಿದ್ದದ್ದು 36 ನಿಮಿಷ. ನಮ್ಮ ಶಿಸ್ತಿಗೆ ಬೈಯ್ರಿ ಬೇಕಾರ, ಆದ್ರ ಸುಳ್ಳ ಗಣಿತ ಹಾಕಬ್ಯಾಡ್ರಿ.

ಕಪ್ಪು_ಜೆರ್ಸಿ

36 ನಿಮಿಷ ಅಂತಲೇ ಇಟ್ಟುಕೊಳ್ಳಿ. ಟ್ರೈ ಎಲ್ಲಿ?

ಲೈನ್‌ಔಟ್_ಲೆಕ್ಕ

ಟ್ರೈ ಯಾಕೆ ಬರಲಿಲ್ಲ ಅಂದ್ರೆ ಲೈನ್‌ಔಟ್ (ಚೆಂಡು ಪಕ್ಕದ ಗೆರೆ ದಾಟಿದಾಗ ಎರಡು ಸಾಲಿನ ನಡುವೆ ಹುಕರ್ ಎಸೆಯೋದು) ನೋಡಿ ಮಾರಾಯ್ರೆ. ಎಲ್ಲರೂ ಕೆಂಪು ಕಾರ್ಡ್ ಅಂತ ಕೂಗ್ತಾರೆ, ಪಂದ್ಯ ತಿರುಗಿದ್ದು ಮಾತ್ರ 3ನೇ ನಿಮಿಷಕ್ಕೆ. ರಕ್ (ನೆಲದ ಮೇಲಿನ ಚೆಂಡಿಗಾಗಿ ನೂಕಾಟ) ತೆರವು ಮಾಡೋಕೆ ಬಂದ ನ್ಯೂಜಿಲೆಂಡ್‌ನ ಫ್ರಿಝೆಲ್ ನಮ್ಮ ಹುಕರ್ ಎಂಬೊನಾಂಬಿಯ ಕಾಲ ಮೇಲೆ ಬಿದ್ದ. ಫ್ರಿಝೆಲ್‌ಗೆ ಹಳದಿ, ನಮಗೆ 3 ಅಂಕ, ಆದರೆ ತಂಡದಲ್ಲಿದ್ದ ಒಬ್ಬನೇ ಪೂರ್ಣಾವಧಿ ಹುಕರ್ ಹೊರಗೆ. ಬಂದವ ಡಿಯಾನ್ ಫೌರಿ. ವಯಸ್ಸು 37, ಶುರುವಲ್ಲಿ ಹುಕರ್ ಆಗಿದ್ದರೂ ಆಮೇಲೆ ಹೆಚ್ಚು ಆಡಿದ್ದು ಫ್ಲ್ಯಾಂಕರ್ (ಹಿಂದಿನ ಸಾಲಿನವ) ಆಗಿ. ಉಳಿದ 77 ನಿಮಿಷ ಅವನೇ ಎಸೀಬೇಕು.

ಚೆಂಡು ನೇರ ಹೋದರೆ ಸಾಕು ಅಂದುಕೊಂಡವರಿಗೆ ಈ ಕಷ್ಟ ಗೊತ್ತಾಗೋದಿಲ್ಲ. ಎಸೆದ ಚೆಂಡು ಕನಿಷ್ಠ 5 ಮೀಟರ್ ದಾಟಬೇಕು, ಎರಡು ಸಾಲಿನ ನಡುವಿನ 1 ಮೀಟರ್ ಸಂದಿಯಲ್ಲೇ ಹೋಗಬೇಕು. ಜಿಗಿಯುವವ ತುದಿ ಮುಟ್ಟುವ ಹೊತ್ತಿಗೇ ಚೆಂಡೂ ಅಲ್ಲಿರಬೇಕು. ಮುಂದಿನ ಜಾಗಕ್ಕೆ ಎಸೆತ ಚಪ್ಪಟೆ, ವೇಗ. ಹಿಂದಿನ ಜಾಗಕ್ಕೆ ಎತ್ತರದ ಬಾಗು, ಅದಕ್ಕೆ ಎತ್ತುವವರ ಜೊತೆ ನೂರಾರು ಸಲದ ಅಭ್ಯಾಸ ಬೇಕು. ಅರ್ಧ ಕ್ಷಣ ತಡವಾದರೆ ಜಿಗಿದವ ಇಳಿಯುತ್ತಾ ಇರ್ತಾನೆ, ಎದುರಾಳಿ ಏರುತ್ತಾ ಇರ್ತಾನೆ.

ಅಭ್ಯಾಸ ಕಮ್ಮಿ ಇರುವವ ಏನು ಮಾಡ್ತಾನೆ? ಮುಂದಿನ ಜಾಗಕ್ಕೇ ಎಸೀತಾನೆ. ಎದುರು ತಂಡ ಅದನ್ನು ನಾಲ್ಕು ಎಸೆತದಲ್ಲಿ ಓದಿಬಿಡ್ತದೆ, ಅಲ್ಲೇ ಒಬ್ಬನನ್ನು ಎತ್ತಿ ನಿಲ್ಲಿಸ್ತದೆ. ಮುಂದೆ ಸಿಕ್ಕ ಚೆಂಡಿನಿಂದ ಬ್ಯಾಕ್‌ಗಳಿಗೆ (ಹಿಂದೆ ನಿಂತು ಓಡುವವರು) ಜಾಗವೂ ಸಿಗೋದಿಲ್ಲ, ಯಾಕಂದ್ರೆ ಎದುರಾಳಿ ಫ್ಲ್ಯಾಂಕರ್‌ಗಳು ಸಾಲಿನ ಹಿಂದುಗಡೆಯಿಂದ ಫ್ಲೈಹಾಫ್ ಮೇಲೆ ನುಗ್ಗಬಹುದು. ಮೂಲೆಗೆ ಒದ್ದು, ಲೈನ್‌ಔಟ್ ಗೆದ್ದು, ಮಾಲ್ ಕಟ್ಟಿ (ಚೆಂಡು ಹಿಡಿದವನ ಸುತ್ತ ಗುಂಪಾಗಿ) ತಳ್ಳೋದು ನಮ್ಮವರ ಮಾಮೂಲು ದಾರಿ. ಅದು 3ನೇ ನಿಮಿಷಕ್ಕೇ ಮುಚ್ಚಿತು. ಹಾಗಾಗಿ ಪೆನಾಲ್ಟಿ ಸಿಕ್ಕಾಗಲೆಲ್ಲ ಕಂಬ ತೋರಿಸಿದ್ದು (3 ಅಂಕಕ್ಕೆ ಒದ್ದದ್ದು) ಹೆದರಿಕೆಯಿಂದ ಅಲ್ಲ.

ಅಂಕಪಟ್ಟಿಯವರು ಹೊಗಳಿದ ತೀರ್ಮಾನದ ಬೆಲೆ ಇದೇ. ಪೊಲಾರ್ಡ್ ಬಂದ, ಹುಕರ್ ಬರಲಿಲ್ಲ. ಕೊಟ್ಟದ್ದೂ ಅದೇ, ಕಿತ್ತುಕೊಂಡದ್ದೂ ಅದೇ.

ಅಂಕಪಟ್ಟಿ

ಒಪ್ಪಿದೆ, ಆದರೆ ತಕ್ಕಡಿ ಯಾವ ಕಡೆ ವಾಲುತ್ತೆ ನೋಡಿ. ಪೂಲ್‌ನಲ್ಲಿ ಐರ್ಲೆಂಡ್ ಹತ್ತಿರ 8-13 ಸೋತಾಗ ಮಾನಿ ಲಿಬ್ಬೊಕ್, ಫಾಫ್ ಡಿ ಕ್ಲರ್ಕ್ ಇಬ್ಬರೂ ಸೇರಿ ಬಿಟ್ಟ ಕಿಕ್‌ಗಳ ಮೊತ್ತ 11 ಅಂಕ. ಸೋತಿದ್ದು 5ರಿಂದ. ಪೊಲಾರ್ಡ್ ಬಂದಮೇಲೆ ಟೊಂಗಾದಿಂದ ಫೈನಲ್‌ವರೆಗೆ 13 ಒದ್ದ, 13 ಒಳಗೆ. ಲೈನ್‌ಔಟ್ ಕಳ್ಕೊಂಡ್ರೆ ಚೆಂಡು ಹೋಗುತ್ತೆ, ಅಷ್ಟೆ. ಮುಂದಿನ ಟ್ಯಾಕಲ್‌ನಲ್ಲಿ ವಾಪಸ್ ಕಿತ್ಕೋಬಹುದು. ಬಿಟ್ಟ ಕಿಕ್ ವಾಪಸ್ ಬರಲ್ಲ.

ಮೂರನೇ_ನಂಬರ್

ಫೈನಲ್ ಬಿಡಿ, ಈ ತಂಡ ಹೇಗೆ ಗೆಲ್ಲುತ್ತದೆ ಅಂತ ತಿಳಿಯಬೇಕಾದರೆ ಸೆಮಿಯ ಕೊನೆಯ ಅರ್ಧ ಗಂಟೆ ನೋಡಬೇಕು. 53ನೇ ನಿಮಿಷಕ್ಕೆ ಫ್ಯಾರೆಲ್‌ನ ಡ್ರಾಪ್ ಗೋಲ್ (ಆಟದ ನಡುವೆಯೇ ಕಂಬಕ್ಕೆ ಒದ್ದ ಕಿಕ್), ಇಂಗ್ಲೆಂಡ್ 15-6 ಮುಂದೆ. ಮಳೆ, ಜಾರುವ ಚೆಂಡು, ಇಂಗ್ಲೆಂಡ್ ಒದ್ದು ಒದ್ದು ನಮ್ಮವರನ್ನು ಉಸಿರಾಡಲು ಬಿಟ್ಟಿರಲಿಲ್ಲ. ಲಿಬ್ಬೊಕ್‌ನನ್ನು 31ನೇ ನಿಮಿಷಕ್ಕೇ ತೆಗೆದು ಪೊಲಾರ್ಡ್‌ನನ್ನು ಇಳಿಸಬೇಕಾಗಿ ಬಂತು. ಅಂಥ ಪಂದ್ಯವನ್ನು ತಿರುಗಿಸಿದ್ದು ಸ್ಕ್ರಮ್ (ಎಂಟೆಂಟು ಜನ ತಲೆ ಸೇರಿಸಿ ಚೆಂಡಿಗಾಗಿ ತಳ್ಳುವುದು) ಒಂದೇ.

ಮುಂದಿನ ಸಾಲಿನಲ್ಲಿ ಇಂಗ್ಲೆಂಡ್ ಶುರು ಮಾಡಿದ್ದು ಮಾರ್ಲರ್, ಜಾರ್ಜ್, ಕೋಲ್ ಜೊತೆ. ನಮ್ಮದು ಕಿಟ್ಸಾಫ್, ಎಂಬೊನಾಂಬಿ, ಮಲ್ಹೆರ್ಬೆ. ಈ ಎರಡು ಸಾಲು ಹೆಚ್ಚು ಕಡಿಮೆ ಸರಿಸಮ ನಿಂತವು. ವ್ಯತ್ಯಾಸ ಶುರುವಾಗಿದ್ದು ಇಬ್ಬರೂ ಬೆಂಚಿಗೆ ಕೈ ಹಾಕಿದಾಗ. ಅವರ ಕಡೆ ಜೆಂಜ್, ಸಿಂಕ್ಲರ್. ನಮ್ಮ ಕಡೆ ಆಕ್ಸ್ ನ್ಚೆ, ವಿನ್ಸೆಂಟ್ ಕೋಕ್.

ನ್ಚೆ ಲೂಸ್‌ಹೆಡ್, ಅಂದರೆ ಮುಂದಿನ ಸಾಲಿನ ಎಡಗಡೆಯ ಪ್ರಾಪ್. ಅವನ ಕೆಲಸ ಎದುರಿನ ಟೈಟ್‌ಹೆಡ್ (ಬಲಗಡೆಯ ಪ್ರಾಪ್) ಸಿಂಕ್ಲರ್‌ನ ಎದೆಯ ಕೆಳಗೆ ಸೇರಿ ಮೇಲಕ್ಕೆ ಒತ್ತುವುದು. ಟೈಟ್‌ಹೆಡ್‌ನ ತಲೆ ಎದುರಾಳಿ ಹುಕರ್ ಮತ್ತು ಲೂಸ್‌ಹೆಡ್ ಇಬ್ಬರ ನಡುವೆ ಸಿಕ್ಕಿರುತ್ತದೆ, ಎರಡು ಭುಜಕ್ಕೂ ಭಾರ ಬೀಳುತ್ತದೆ. ಸ್ಕ್ರಮ್‌ನ ನೆಲೆಯೇ ಅವನು. ಅವನ ಸೊಂಟ ಭುಜಕ್ಕಿಂತ ಮೇಲೆ ಹೋದರೆ, ಇಲ್ಲವೇ ಪಾದ ತೀರಾ ಹಿಂದೆ ಸರಿದರೆ, ಹಿಂದಿನ ಲಾಕ್ (ಎರಡನೇ ಸಾಲಿನವ) ತಳ್ಳುವ ಬಲ ಬೆನ್ನುಮೂಳೆಗೆ ಬಾರದೆ ನೆಲಕ್ಕೆ ಹೋಗುತ್ತದೆ. ಆಗ ಉಳಿಯುವುದು ಎರಡೇ ದಾರಿ: ಕುಸಿಯುವುದು ಅಥವಾ ಎದ್ದು ನಿಲ್ಲುವುದು. ಎರಡಕ್ಕೂ ಪೆನಾಲ್ಟಿ. ನ್ಚೆ ಎತ್ತರ ಕಡಿಮೆ ಇರುವವನು, ಒದ್ದೆ ನೆಲದಲ್ಲೂ ಪಾದ ಚಿಕ್ಕ ಚಿಕ್ಕದಾಗಿ ಇಡುತ್ತಾನೆ. ದೊಡ್ಡ ಹೆಜ್ಜೆ ಇಟ್ಟವನು ಒದ್ದೆಯಲ್ಲಿ ಜಾರುತ್ತಾನೆ.

ಪರಿಣಾಮ: ಸ್ಕ್ರಮ್ ಪೆನಾಲ್ಟಿ, ಮೂಲೆಗೆ ಕಿಕ್, ಲೈನ್‌ಔಟ್, 69ನೇ ನಿಮಿಷಕ್ಕೆ ಸ್ನೈಮನ್ ಟ್ರೈ. ಮತ್ತೆ ಸ್ಕ್ರಮ್ ಪೆನಾಲ್ಟಿ, ಪೊಲಾರ್ಡ್ ಸುಮಾರು 49 ಮೀಟರ್‌ನಿಂದ ಒದ್ದ, 16-15. ಇಷ್ಟಕ್ಕೂ ಇಂಗ್ಲೆಂಡ್ ಆ ಕೊನೆಯ ಸ್ಕ್ರಮ್ ಬರದಂತೆ ನೋಡಿಕೊಳ್ಳಬಹುದಿತ್ತು. ಸ್ಕ್ರಮ್ ಹೆಚ್ಚಾಗಿ ಹುಟ್ಟುವುದೇ ಯಾರೋ ಕೈಜಾರಿ ಚೆಂಡು ಬಿಟ್ಟಾಗ. ಒದ್ದೆ ಚೆಂಡಿನ ಆಟದಲ್ಲಿ ಎತ್ತರದ ಕಿಕ್ ಹಾಕುತ್ತಾ ಹೋದರೆ ನಾಕ್-ಆನ್ (ಚೆಂಡು ಕೈಯಿಂದ ಮುಂದಕ್ಕೆ ಜಾರುವುದು) ಹೆಚ್ಚುತ್ತದೆ, ನಾಕ್-ಆನ್ ಹೆಚ್ಚಿದರೆ ಸ್ಕ್ರಮ್ ಹೆಚ್ಚುತ್ತದೆ. ಅವರನ್ನು ಮುಂದೆ ತಂದ ತಂತ್ರವೇ ಕೊನೆಗೆ ನ್ಚೆಯ ಮುಂದೆ ತಂದು ನಿಲ್ಲಿಸಿತು.

ಬಯಲುಹುಲಿ

ಇದಕ್ಕ ಅದೃಷ್ಟ ಅನ್ನೋರಿಗೆ ನಮಸ್ಕಾರ.

ಹೊಸಬ_15

ಒಂದು ಪ್ರಶ್ನೆ. ಫೈನಲ್‌ನಲ್ಲಿ 7-1 ಬೆಂಚ್ (7 ಫಾರ್ವರ್ಡ್, 1 ಬ್ಯಾಕ್) ಅಂತ ಎಲ್ಲರೂ ಬರೆದಿದ್ದಾರೆ. ಅದು ನಿಯಮದಲ್ಲಿ ಇದೆಯಾ? ಒಬ್ಬನೇ ಬ್ಯಾಕ್ ಇಟ್ಟುಕೊಂಡರೆ ಗಾಯವಾದಾಗ ಏನು ಮಾಡುತ್ತಾರೆ?

ಅಂಕಪಟ್ಟಿ

ನಿಯಮ ಅಡ್ಡ ಬರಲ್ಲ. ಬೆಂಚಲ್ಲಿ 8 ಜನ, ಅದರಲ್ಲಿ ಮುಂದಿನ ಸಾಲಿನವರು 3 ಜನ (ಒಬ್ಬ ಹುಕರ್, ಎರಡೂ ಬದಿಯ ಪ್ರಾಪ್) ಇರಲೇಬೇಕು. ತರಬೇತಿ ಇಲ್ಲದವನನ್ನು ಅಲ್ಲಿ ನಿಲ್ಲಿಸಿದರೆ ಕುತ್ತಿಗೆ ಮುರಿಯೋ ಅಪಾಯ, ಅದಕ್ಕೇ ಈ ಕಟ್ಟುನಿಟ್ಟು. ಮಿಕ್ಕ 5 ಜಾಗ ಕೋಚ್ ಇಷ್ಟ. ಹೆಚ್ಚಿನವರು 5-3 ಇಡ್ತಾರೆ, ನಮ್ಮವರು ಕ್ವಾರ್ಟರ್ ಮತ್ತು ಸೆಮಿಗೂ 5-3 ಇಟ್ಟಿದ್ರು. ಫೈನಲ್‌ಗೆ: ಫೌರಿ, ನ್ಚೆ, ನ್ಯಾಕಾನೆ, ಕ್ಲೈನ್, ಸ್ನೈಮನ್, ಕ್ವಾಗ್ಗಾ ಸ್ಮಿತ್, ವೀಸೆ, ಕೊನೆಗೆ ವಿಲ್ಲಿ ಲೆ ರೂ. ಅಂದ್ರೆ ಮುಂದಿನ ಸಾಲು 3, ಲಾಕ್ 2, ಹಿಂದಿನ ಸಾಲು 2, ಬ್ಯಾಕ್ 1.

ಇದೇ ಮೊದಲಲ್ಲ. ಆಗಸ್ಟ್ 25ಕ್ಕೆ ಟ್ವಿಕೆನ್‌ಹ್ಯಾಮ್‌ನಲ್ಲಿ ನ್ಯೂಜಿಲೆಂಡ್ ಮೇಲೆ 7-1 ಇಟ್ಟು 35-7 ಗೆದ್ರು, ಐರ್ಲೆಂಡ್ ಮೇಲೆ ಇಟ್ಟು ಸೋತ್ರು. ಗಾಯವಾದರೆ ಲೆ ರೂ ಫುಲ್‌ಬ್ಯಾಕ್‌ಗೆ, ಅಲ್ಲಿರೋ ವಿಲ್ಲೆಮ್ಸೆ ಫ್ಲೈಹಾಫ್ ಅಥವಾ ಸೆಂಟರ್‌ಗೆ. ಕ್ವಾಗ್ಗಾ ಸೆವೆನ್ಸ್ (ಏಳೇಳು ಜನರ ರಗ್ಬಿ) ಆಡಿ ಬಂದವನು, ವಿಂಗ್‌ನಲ್ಲೂ ಓಡಬಲ್ಲ. 9ನೇ ನಂಬರ್‌ಗೆ (ಸ್ಕ್ರಮ್‌ಹಾಫ್, ರಕ್‌ನಿಂದ ಚೆಂಡು ತೆಗೆಯೋವನು) ಫಾಫ್ ಒಬ್ಬನೇ. ಅವನಿಗೇನಾದ್ರೂ ಆದರೆ ಅಂತ ಕೋಲ್ಬೆನ ತಯಾರು ಮಾಡಿದ್ರು.

ಕಪ್ಪು_ಜೆರ್ಸಿ

ಆ ಕೋಲ್ಬೆ 73ನೇ ನಿಮಿಷದಿಂದ ಕುರ್ಚಿಯಲ್ಲಿ ಕೂತು ಜೆರ್ಸಿಯಿಂದ ಮುಖ ಮುಚ್ಚಿಕೊಂಡಿದ್ದ. ಅಂದರೆ ಕೊನೆಯ 7 ನಿಮಿಷ ಫಾಫ್‌ಗೆ ಪೆಟ್ಟಾಗಿದ್ದರೆ ನಿಮ್ಮ ರಕ್‌ನಿಂದ ಚೆಂಡು ತೆಗೆಯಲು ಬಂದೋಬಸ್ತೇ ಇರಲಿಲ್ಲ. ಯೋಜನೆ ಅಂತ ಕರೆಯುವುದಾದರೆ ಇದನ್ನೂ ಯೋಜನೆ ಅಂತ ಕರೆಯಿರಿ.

ಮೂರನೇ_ನಂಬರ್

ಕೊನೆಯ 7 ನಿಮಿಷ ಚೆಂಡು ನಮ್ಮ ಕೈಯಲ್ಲಿದ್ದದ್ದೇ ಕಡಿಮೆ, ಬಿಡಿ. ಆ ಹೊತ್ತಿಗೆ ಬೇಕಾಗಿದ್ದದ್ದು ಟ್ಯಾಕಲ್ ಮಾಡುವ ಭುಜ. 7 ಫಾರ್ವರ್ಡ್ ತಂದದ್ದೇ ಅದಕ್ಕೆ. ಆದರೂ ಡು ಟೊಯ್ ಒಬ್ಬನೇ 28 ಟ್ಯಾಕಲ್ ಮಾಡಿದ್ದು ಬೆಂಚಿನ ಲೆಕ್ಕಕ್ಕೆ ಸಿಗುವ ಮಾತಲ್ಲ. ಜೋರ್ಡಿ ಬ್ಯಾರೆಟ್‌ನನ್ನು ಅವನು ಕೆಡವಿದ ರೀತಿ ನೋಡಿ: ಎದುರಾಳಿಯ ಕೈಗೆ ಚೆಂಡು ಬರುವ ಮೊದಲೇ ಓಟ ಶುರು, ಭುಜ ಎದೆಯ ಕೆಳಗೆ, ಕಾಲು ನಿಲ್ಲದೆ ಮುಂದಕ್ಕೆ. ಕಾಲು ನಿಂತರೆ ಟ್ಯಾಕಲ್ ಅಲ್ಲಿಗೆ ಸತ್ತ ಹಾಗೆ. ಎದುರಾಳಿ ಮುಂದಕ್ಕೆ ಬಿದ್ದು ಇನ್ನೊಂದು ಮೀಟರ್ ಗಳಿಸುತ್ತಾನೆ.

ಲೈನ್‌ಔಟ್_ಲೆಕ್ಕ

ಎರಡನೇ ಅರ್ಧದಲ್ಲಿ ನಮ್ಮ ಬಾಕ್ಸ್ ಕಿಕ್ (ಸ್ಕ್ರಮ್‌ಹಾಫ್ ರಕ್ ಹಿಂದಿನಿಂದ ಎತ್ತರಕ್ಕೆ ಒದೆಯೋದು) ಕೆಟ್ಟದ್ದರ ಬಗ್ಗೆ ಯಾರೂ ಮಾತಾಡ್ಲಿಲ್ಲ. ಒಳ್ಳೆ ಬಾಕ್ಸ್ ಕಿಕ್ 20ರಿಂದ 25 ಮೀಟರ್ ಹೋಗಬೇಕು, ಓಡುವವ ಚೆಂಡು ಇಳಿಯುವ ಹೊತ್ತಿಗೆ ಅಲ್ಲಿರಬೇಕು. ಇನ್ನೂ 5 ಮೀಟರ್ ಹೆಚ್ಚು ಹೋದರೆ ಬೆನ್ನಟ್ಟುವವ ಮುಟ್ಟೋದಿಲ್ಲ, ಹಿಡಿದವನಿಗೆ ಓಡೋಕೆ ಜಾಗ ಸಿಗ್ತದೆ. ಫಾಫ್‌ನ ಕೆಲವು ಕಿಕ್ ಹೀಗೇ ಉದ್ದ ಹೋದವು, ಎದುರಿಗೆ ಇದ್ದವ ಬ್ಯೂಡನ್ ಬ್ಯಾರೆಟ್, ಕೇಳಬೇಕಾ? 14 ಜನ ಇದ್ದಾಗ ನ್ಯೂಜಿಲೆಂಡ್ ಹಿಂದುಗಡೆ ಜಾಗ ಬಿಡಲೇಬೇಕಿತ್ತು. ಅಲ್ಲಿ ನೆಲದ ಮೇಲೆ ಉರುಳುವ ಕಿಕ್ ಹಾಕಿ ಅವರನ್ನು ತಿರುಗಿಸೋದು ಬಿಟ್ಟು, ಎತ್ತರದ ಚೆಂಡು ಅವರ ಕೈಗೇ ಕೊಟ್ಟರು. ನನ್ನ ದೊಡ್ಡ ದೂರು ಇದೇ.

ಕಪ್ಪು_ಜೆರ್ಸಿ

ಹಾಗಾದರೆ ಆರನ್ ಸ್ಮಿತ್‌ನ ಟ್ರೈ ಬಗ್ಗೆಯೂ ಮಾತಾಡಿ. ಬ್ಯಾರೆಟ್‌ನ ಟ್ರೈಗೆ ಸ್ವಲ್ಪ ಮೊದಲು ಅವನು ಗೆರೆ ದಾಟಿದ. ಲೈನ್‌ಔಟ್‌ನಲ್ಲಿ ಸವೆಯಾ ಕೈಯಿಂದ ಚೆಂಡು ಮುಂದೆ ಜಾರಿತ್ತು ಅಂತ ಟಿಎಂಒ (ವಿಡಿಯೊ ರೆಫರಿ) ತೆಗೆಸಿದರು. ಟ್ರೈಗೆ ಮುಂಚಿನ ತಪ್ಪು ಹುಡುಕಲು ಎರಡು ಫೇಸ್ (ಒಂದು ರಕ್‌ನಿಂದ ಇನ್ನೊಂದರವರೆಗಿನ ಆಟ) ಹಿಂದೆ ಹೋಗಬಹುದು ಅಂತ ವಿಧಾನವೇ ಹೇಳುತ್ತಿತ್ತು. ಇಲ್ಲಿ ಅದಕ್ಕಿಂತ ಹಿಂದೆ ಹೋದರು.

ಮೂರನೇ_ನಂಬರ್

ನಾಕ್-ಆನ್ ಆದದ್ದು ನಿಜ, ವಿಧಾನ ಮೀರಿದ್ದೂ ನಿಜ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಬಹುದು. ನಮ್ಮವರಿಗೆ ಅದರಿಂದ ಲಾಭವಾಯಿತು, ಇದನ್ನು ಮುಚ್ಚಿಡುವುದು ಬೇಡ.

ಕೊಲಿಸಿ ಕಾರ್ಡ್ ವಿಷಯದಲ್ಲಿ ಮಾತ್ರ ಅನ್ಯಾಯ ಅಂತ ಅನ್ನಬೇಡಿ. ಬಂಕರ್‌ನಲ್ಲಿ ಕೂತವರಿಗೆ 8 ನಿಮಿಷ ಇರುತ್ತದೆ, ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ: ತಲೆಗೆ ತಗುಲಿತೇ, ಅದು ಅಕ್ರಮವೇ, ಅಪಾಯದ ಮಟ್ಟ ಹೆಚ್ಚೋ ಕಡಿಮೆಯೋ, ತಗ್ಗಿಸಲು ಕಾರಣ ಇದೆಯೇ. ಕೇನ್ ನೆಟ್ಟಗೆ ನಿಂತು ಕ್ರಿಯೆಲ್ ತಲೆಗೆ ಭುಜ ಕೊಟ್ಟ, ಮೂರನೇ ಪ್ರಶ್ನೆಗೇ ಕೆಂಪು. ಕೊಲಿಸಿಯದು ತಲೆಗೆ ತಗುಲಿದರೂ ಅಷ್ಟು ಬಲದ ಹೊಡೆತ ಅಲ್ಲ, ಹಳದಿಗೇ ನಿಂತಿತು. ವಾದಕ್ಕೆ ಜಾಗ ಇದೆ, ಆದರೆ ಎರಡೂ ಒಂದೇ ಅಲ್ಲ.

ಹೊಸಬ_15

ಫ್ರಾನ್ಸ್ ಪಂದ್ಯದಲ್ಲಿ ಕೋಲ್ಬೆ ಕನ್ವರ್ಷನ್ ತಡೆದದ್ದು ನ್ಯಾಯವೇ? ರಾಮೋಸ್ ಒದೆಯುವ ಮೊದಲೇ ಓಡಿ ಬಂದ ಹಾಗೆ ಕಂಡಿತು.

ಅಂಕಪಟ್ಟಿ

ಒದೆಯೋವರೆಗೆ ಕಾಯಬೇಕಾಗಿಲ್ಲ. ಕಿಕ್ಕರ್ ಚೆಂಡಿನ ಕಡೆ ಹೋಗೋಕೆ ಯಾವುದೇ ದಿಕ್ಕಿಗೆ ಮೊದಲ ಚಲನೆ ಮಾಡಿದ ಕ್ಷಣ ಗೆರೆಯಿಂದ ಬಿಡಬಹುದು. ಕೆಲವು ಕಿಕ್ಕರ್‌ಗಳು ಓಟಕ್ಕೆ ಮುಂಚೆ ಪುಟ್ಟದೊಂದು ಪಕ್ಕದ ಹೆಜ್ಜೆ ಇಡ್ತಾರೆ, ಅದೇ ಬಾಗಿಲು. ಕೋಲ್ಬೆ ಕಾದಿದ್ದು ಅದಕ್ಕೇ. ಆ 2 ಅಂಕ ಹೋಗಿದ್ದು ಮೌವಾಕಾನ ಟ್ರೈಗೆ, ಪಂದ್ಯ ಗೆದ್ದಿದ್ದು 1ರಿಂದ. ಕನ್ವರ್ಷನ್ ಹೊತ್ತಲ್ಲಿ ನೀರು ಕುಡೀತಾ ನಿಲ್ಲೋ ಆಟಗಾರರಿಗೆ ಇದನ್ನ ತೋರಿಸಬೇಕು.

ಬಯಲುಹುಲಿ

ಅದ ಪಂದ್ಯದಾಗ ವಿಲ್ಲೆಮ್ಸೆ ತನ್ನ 22 ಮೀಟರ್ ಗೆರಿ ಒಳಗ ಚೆಂಡು ಹಿಡದು ಮಾರ್ಕ್ ಕೂಗಿ (ಅದಕ್ಕ ಫ್ರೀ ಕಿಕ್ ಸಿಗತೈತಿ), ಒದಿಯೂ ಬದ್ಲಿ ಸ್ಕ್ರಮ್ ಕೇಳಿದ್ನಲ್ಲ, ಆ ಮಾರಿ ನೋಡಬೇಕಿತ್ತರೀ ಫ್ರೆಂಚರದು! ಎಂಟು ಮಂದಿನ ಮತ್ತ ತಳ್ಳಾಕ ಹಚ್ಚಿ ದಣಿಸೂ ಕೆಲಸ. ಒದ್ದು ಕೊಟ್ರ ಡುಪಾನ್ ಕೈಗೆ ಹೋಗತೈತಿ, ಸ್ಕ್ರಮ್ ಆದ್ರ ನಮ್ಮ ಕೈಯಾಗ.

ಕಪ್ಪು_ಜೆರ್ಸಿ

ಆಟ ಸಾಯಿಸುವುದನ್ನು ಇಷ್ಟು ಸಂತೋಷದಿಂದ ಹೇಳುವವರನ್ನು ಇಲ್ಲೇ ನೋಡಿದ್ದು.

ಮೂರನೇ_ನಂಬರ್

ಟ್ರೈ ಇಲ್ಲದ ಗೆಲುವು ಈ ತಂಡಕ್ಕೆ ಹೊಸದಲ್ಲವಲ್ಲ. 1995ರಲ್ಲಿ 15-12, 2007ರಲ್ಲಿ 15-6, ಈಗ 12-11, ಮೂರರಲ್ಲೂ ನಮ್ಮ ಟ್ರೈ ಸೊನ್ನೆ. ಫೈನಲ್‌ನಲ್ಲಿ ಟ್ರೈ ಹೊಡೆದದ್ದು 2019ರಲ್ಲಿ ಮಾತ್ರ, ಮಪಿಂಪಿ ಮತ್ತು ಕೋಲ್ಬೆ. ಮೊದಲ ಮೂರು ಫೈನಲ್‌ಗಳಲ್ಲಿ ಎದುರಾಳಿಯೂ ಟ್ರೈ ಹೊಡೆದಿರಲಿಲ್ಲ. ಈ ಸಲ 58ನೇ ನಿಮಿಷದ ಬ್ಯೂಡನ್ ಬ್ಯಾರೆಟ್‌ನದೇ ಮೊದಲನೆಯದು. ನಾಲ್ಕು ಫೈನಲ್‌ಗೆ ಒಂದು ಟ್ರೈ ಬಿಟ್ಟ ರಕ್ಷಣೆಯ ಮೇಲೆ ನಿಂತ ತಂಡ ಇದು.

ಲೈನ್‌ಔಟ್_ಲೆಕ್ಕ

ಸರಿ, ಆದರೆ ಆ ರಕ್ಷಣೆ ಕಟ್ಟಿದ ಕೋಚ್ ನಿನಾಬರ್ ಈಗ ಐರ್ಲೆಂಡಿನ ಲೀನ್‌ಸ್ಟರ್ ತಂಡಕ್ಕೆ ಹೊರಟರು. ಮುಂದಿನ ಸಲ ಬೆಂಚಲ್ಲಿ ಏನೇ ಇರಲಿ, ಹುಕರ್ ಮಾತ್ರ ಮೂವರು ಇರಲಿ ಮಾರಾಯ್ರೆ.

ಅಂಕಪಟ್ಟಿ (4 ಜುಲೈ 2024)

ಹಳೇ ಚರ್ಚೆ ಮೇಲಕ್ಕೆ ತರ್ತಿದೀನಿ, ಕಾರಣ ಇದೆ. ಜುಲೈ 1ರಿಂದ ಫ್ರೀ ಕಿಕ್‌ಗೆ (ಸಣ್ಣ ತಪ್ಪಿಗೆ ಸಿಗೋ ಕಿಕ್) ಸ್ಕ್ರಮ್ ಆಯ್ಕೆ ಇಲ್ಲ. ಟ್ಯಾಪ್ ಮಾಡಬೇಕು (ಚೆಂಡಿಗೆ ಕಾಲು ತಾಗಿಸಿ ಓಡೋದು) ಇಲ್ಲಾ ಒದೀಬೇಕು. ಮಾರ್ಕ್‌ಗೂ ಅದೇ. ವಿಲ್ಲೆಮ್ಸೆ ಆಟ ಇನ್ಮೇಲೆ ಇಲ್ಲ.

ಕಪ್ಪು_ಜೆರ್ಸಿ

ತಡವಾಗಿಯಾದರೂ ಬುದ್ಧಿ ಬಂತು.

ಮೂರನೇ_ನಂಬರ್

ಇದರಿಂದ ನಮ್ಮವರಿಗೆ ದೊಡ್ಡ ನಷ್ಟ ಅಂತ ಬರೆಯುತ್ತಿದ್ದಾರೆ, ಅದು ಉತ್ಪ್ರೇಕ್ಷೆ. ಪೆನಾಲ್ಟಿಗೆ ಸ್ಕ್ರಮ್ ಆಯ್ಕೆ ಹಾಗೆಯೇ ಇದೆ, ನಾಕ್-ಆನ್‌ಗೂ ಸ್ಕ್ರಮ್ ಇದ್ದೇ ಇದೆ. ನಿಜವಾದ ಪೆಟ್ಟು ಬೇರೆ ಕಡೆ. ಸ್ಕ್ರಮ್‌ನಲ್ಲಿ ಎದುರಾಳಿ ಬೇಗ ತಳ್ಳಿದ್ದಕ್ಕೆ ನಮಗೆ ಫ್ರೀ ಕಿಕ್ ಸಿಕ್ಕಾಗ ನಾವು ಮತ್ತೆ ಸ್ಕ್ರಮ್ ಕೇಳಿ ಅವರನ್ನು ಎರಡನೇ ಸಲ ಒತ್ತುತ್ತಿದ್ದೆವು. ಮೊದಲ ಸಲ ತಪ್ಪು ಮಾಡಿದ ಮುಂದಿನ ಸಾಲು ಎರಡನೇ ಸಲ ಹೆದರಿ ತಡವಾಗಿ ತಳ್ಳುತ್ತದೆ, ಆಗ ಪೆನಾಲ್ಟಿ. ಆ ಸರಪಳಿ ತುಂಡಾಯಿತು. ಈಗ ಕೆಲವು ತಂಡಗಳು ಅಪಾಯದ ಜಾಗದಲ್ಲಿ ಬೇಕೆಂದೇ ಬೇಗ ತಳ್ಳಿ ಫ್ರೀ ಕಿಕ್ ಕೊಟ್ಟು ಸ್ಕ್ರಮ್ ತಪ್ಪಿಸಿಕೊಳ್ಳಬಹುದು. ಅದನ್ನು ರೆಫರಿ ಮೊದಲ ಸಲವೇ ಗುರುತಿಸಿ ಪೆನಾಲ್ಟಿ ಕೊಡುತ್ತಾರೋ ಇಲ್ಲವೋ ಅನ್ನುವುದೇ ಈ ವರ್ಷ ನೋಡಬೇಕಾದದ್ದು.

ಬಯಲುಹುಲಿ

ಟ್ಯಾಪ್ ಮಾಡೂದಾದ್ರ ಕೋಲ್ಬೆ ಕೈಗೆ ಕೊಡ್ರಿ. ಸ್ಕ್ರಮ್ ಹೋತು ಅಂತ ಅಳೂದ್ಯಾಕ?

ಲೈನ್‌ಔಟ್_ಲೆಕ್ಕ

ಅದು ಸರಿ. ಎದುರಾಳಿ 10 ಮೀಟರ್ ಹಿಂದೆ ಹೋಗುವ ಮೊದಲೇ ಟ್ಯಾಪ್ ಮಾಡಿದರೆ ದಾರಿಯಲ್ಲಿ ಸಿಕ್ಕವ ಮುಟ್ಟಿದ್ದಕ್ಕೆ ಪೆನಾಲ್ಟಿ ಸಿಗಲೂಬಹುದು. ಆ ಪೆನಾಲ್ಟಿಗೆ ಸ್ಕ್ರಮ್ ಕೇಳಬಹುದಲ್ಲ.